ಕಾಡಂಚು, ಕಡಲಂಚಿನಲ್ಲಿ ಕಟ್ಟುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಾರಣದ ಹಾದಿ, ಕಾಲುಸಂಕ, ವೀಕ್ಷಣಾ ಗೋಪುರ, ಮರದ ಅಟ್ಟಣಿಗೆಗಳನ್ನು ಪರಿಸರಕ್ಕೆ ಧಕ್ಕೆಯಾಗದಂತೆ ಕಟ್ಟುವುದು ಹೇಗೆಂಬ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮಲೆನಾಡು ಮತ್ತು ಕರಾವಳಿಯವು. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ನಮ್ಮೂರಿನ ಗುಡ್ಡದ ತುದಿಗೆ ಹೋಗುವ ಕಾಲುದಾರಿ ಪ್ರತಿ ಮಳೆಗಾಲದಲ್ಲೂ ಕೊಚ್ಚಿಹೋಗುತ್ತಿದೆ. ಪ್ರವಾಸಿಗರು ಹೆಚ್ಚಾದಂತೆ ದಾರಿ ಅಗಲವಾಗುತ್ತಾ ಹುಲ್ಲುಗಾವಲನ್ನೇ ತಿನ್ನುತ್ತಿದೆ. ಕಾಂಕ್ರೀಟ್ ಮೆಟ್ಟಿಲು ಕಟ್ಟಿಸಿದರೆ ಶಾಶ್ವತ ಪರಿಹಾರ ಸಿಗುತ್ತದೆಯೇ? (ಮೂಡಿಗೆರೆ ತಾಲ್ಲೂಕಿನ ಓದುಗರು)

ಸಿಗುವುದಿಲ್ಲ. ದಾರಿ ಹಾಳಾಗುತ್ತಿರುವುದಕ್ಕೆ ಕಾಲ್ತುಳಿತಕ್ಕಿಂತ ಹೆಚ್ಚಾಗಿ ನೀರು ಕಾರಣ. ನಮ್ಮ ಹಳೆಯ ಕಾಲುದಾರಿಗಳಲ್ಲಿ ಬಹುಪಾಲು ಗುಡ್ಡವನ್ನು ನೇರವಾಗಿ ಏರುತ್ತವೆ. ಅಂಥ ದಾರಿಯಲ್ಲಿ ಮೊದಲು ಹುಲ್ಲು ಸತ್ತು ನೆಲ ಸ್ವಲ್ಪ ತಗ್ಗಾಗುತ್ತದೆ, ಆ ತಗ್ಗಿಗೆ ಸುತ್ತಲಿನ ಮಳೆನೀರು ಬಂದು ಸೇರುತ್ತದೆ, ಸೇರಿದ ನೀರು ಇಳಿಯಲು ದಾರಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ. ಕೊರಕಲಾದ ದಾರಿಯಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿಯೂ ಒಂದು ಕೊರಕಲು ಏಳುತ್ತದೆ. ಕುದುರೆಮುಖ, ಮುಳ್ಳಯ್ಯನಗಿರಿ ಸುತ್ತಲಿನ ಶೋಲಾ (ಎತ್ತರದ ಬೆಟ್ಟಗಳ ಕಣಿವೆಗಾಡು) ಹುಲ್ಲುಗಾವಲುಗಳಲ್ಲಿ ಅಕ್ಕಪಕ್ಕದಲ್ಲೇ ಮೂರು ನಾಲ್ಕು ಸಾಲು ಕೊರಕಲುಗಳು ಕಾಣುವುದು ಹೀಗೆ.

ಇದರ ಮೇಲೆ ಕಾಂಕ್ರೀಟ್ ಹಾಕಿದರೆ ನೀರು ಇಂಗುವುದಿಲ್ಲ, ವೇಗ ಮಾತ್ರ ಹೆಚ್ಚುತ್ತದೆ. ಮೆಟ್ಟಿಲು ಮುಗಿಯುವಲ್ಲಿ ಧುಮುಕುವ ನೀರು ಅಲ್ಲಿಯ ಮಣ್ಣನ್ನು ಅಗೆಯುತ್ತದೆ, ಅಂಚಿನಗುಂಟ ಹರಿಯುವ ನೀರು ಅಡಿಯ ಮಣ್ಣನ್ನು ಸೆಳೆದೊಯ್ಯುತ್ತದೆ. ಕೊನೆಗೆ ಚಪ್ಪಡಿ ಗಾಳಿಯಲ್ಲಿ ತೂಗಿ ನಿಂತು ಒಂದು ದಿನ ಮುರಿದು ಬೀಳುತ್ತದೆ. ಆ ತುಂಡುಗಳನ್ನು ಗುಡ್ಡದಿಂದ ಕೆಳಗಿಳಿಸುವವರು ಯಾರೂ ಇರುವುದಿಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ ಜಡಿಮಳೆಯ ಒಂದು ದಿನ ಕೊಡೆ ಹಿಡಿದು ಆ ದಾರಿಯಲ್ಲಿ ನಡೆಯುವುದು. ನೀರು ಎಲ್ಲಿ ದಾರಿಗೆ ಸೇರುತ್ತದೆ, ಎಲ್ಲಿ ಬಿಟ್ಟುಹೋಗಲು ಯತ್ನಿಸುತ್ತದೆ, ಎಲ್ಲಿ ಒರತೆ ಏಳುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬಂದು ಅಳತೆ ಮಾಡಿಹೋಗುವ ಎಂಜಿನಿಯರಿಗೆ ಇದಾವುದೂ ಕಾಣುವುದಿಲ್ಲ. ಸಾಧ್ಯವಿದ್ದರೆ ದಾರಿಯನ್ನು ಗುಡ್ಡದ ಮೈಗೆ ಅಡ್ಡಲಾಗಿ, ಓರೆಯಾಗಿ ತಿರುಗಿಸಿ. ಹಾದಿ ಕಟ್ಟುವವರು ಜಗತ್ತಿನ ಹಲವೆಡೆ ಪಾಲಿಸುವ ಒಂದು ನಿಯಮವಿದೆ: ಹಾದಿಯ ಏರು ಆ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ನೂರು ಅಡಿ ದೂರಕ್ಕೆ ಇಪ್ಪತ್ತು ಅಡಿ ಇಳಿಯುವ ಗುಡ್ಡದಲ್ಲಿ ಹಾದಿ ಹತ್ತು ಅಡಿಗಿಂತ ಹೆಚ್ಚು ಏರಬಾರದು. ಮೀರಿದರೆ ನೀರು ದಾರಿಯನ್ನು ದಾಟಿ ಕೆಳಗಿಳಿಯುವ ಬದಲು ದಾರಿಯನ್ನೇ ಹಿಡಿದು ಓಡುತ್ತದೆ. ಗುಡ್ಡ ಎಷ್ಟೇ ಕಡಿದಾಗಿದ್ದರೂ ಹಾದಿಯ ಸರಾಸರಿ ಏರು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರೆ ಕ್ಷೇಮ. ಹಾದಿಯ ಹೊರ ಅಂಚನ್ನು ಒಳ ಅಂಚಿಗಿಂತ ತುಸು ತಗ್ಗಿಸಿ, ಅಲ್ಲಲ್ಲಿ ಹಾದಿಯನ್ನೇ ಕೊಂಚ ಇಳಿಸಿ ಮತ್ತೆ ಏರಿಸಿದರೆ ನೀರು ತಾನಾಗಿ ಹೊರಬೀಳುತ್ತದೆ. ಇದಕ್ಕೆ ಗುದ್ದಲಿ, ಹಾರೆ, ತಿಳಿದ ಕೈಗಳು ಸಾಕು. ಜೆಸಿಬಿ ತಂದು ದರೆ ಕಡಿಯುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಕಂಡ ಕುಸಿತಗಳ ನಂತರವೂ ಕಡಿದಾದ ಇಳಿಜಾರಿನ ಬುಡವನ್ನು ಯಂತ್ರದಿಂದ ಕತ್ತರಿಸುವ ಧೈರ್ಯ ಯಾರಿಗೂ ಬರಬಾರದು.

ಮೆಟ್ಟಿಲು ಅನಿವಾರ್ಯವಾದ ಕಡೆ ಅಲ್ಲೇ ಸಿಗುವ ಸಡಿಲ ಕಲ್ಲಿನಿಂದ, ಗಾರೆಯಿಲ್ಲದೆ ಕಟ್ಟಿ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಕೂರಬೇಕು, ಕಲ್ಲಿನ ಬಹುಭಾಗ ಮಣ್ಣಿನೊಳಗಿರಬೇಕು. ಮೆಟ್ಟಿಲಿನ ಎತ್ತರ ಆರೇಳು ಅಂಗುಲ ಮೀರಿದರೆ ಇಳಿಯುವವರು ಮಂಡಿ ನೋವಿಗೆ ಹೆದರಿ ಪಕ್ಕದ ಹುಲ್ಲಿಗೆ ಇಳಿಯುತ್ತಾರೆ, ನಿಮ್ಮ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಹೊರಗಿನಿಂದ ಕೆಂಪು ಮಣ್ಣು, ಜಲ್ಲಿ ತರಿಸಬೇಡಿ. ಲಂಟಾನ, ಯುಪಟೋರಿಯಂ ಕಳೆಗಳ ಬೀಜಗಳು ಹುಲ್ಲುಗಾವಲಿನ ನಡುವಿಗೆ ತಲುಪುವುದು ಇಂಥ ಲೋಡುಗಳ ಜೊತೆಯಲ್ಲೇ. ಬದಿಯ ಚರಂಡಿಗೆ ನೇರ ಗೋಡೆ ಕಟ್ಟಿದರೆ ಬಿದ್ದ ಕಪ್ಪೆ, ಚೇಳು, ಹಾವಿನ ಮರಿಗಳು ಮೇಲೆ ಹತ್ತಲಾರವು. ಅದರ ಅಂಚು ಕಲ್ಲು ಜೋಡಿಸಿದ ಇಳಿಜಾರಾಗಿರಲಿ. ಕೆಲಸವನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿದರೆ ಮಣ್ಣು ಹದವಾಗಿರುತ್ತದೆ, ಹೆಚ್ಚಿನ ಹಕ್ಕಿಗಳ ಗೂಡಿನ ಕಾಲಕ್ಕೂ ಅಡ್ಡಿಯಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ದಿನಕ್ಕೆ ಎಷ್ಟು ಜನ ಹತ್ತಬೇಕು ಎಂಬುದಕ್ಕೆ ಮಿತಿ ಇಲ್ಲದಿದ್ದರೆ ಯಾವ ದಾರಿಯೂ ಉಳಿಯದು. 2024ರ ಜನವರಿಯ ಸಾಲುರಜೆಯಲ್ಲಿ ಕುಮಾರ ಪರ್ವತದಲ್ಲಿ ಸೇರಿದ ಜನಸಂದಣಿಯ ನಂತರವೇ ನಮ್ಮಲ್ಲಿ ಆನ್‌ಲೈನ್ ಮುಂಗಡ ನೋಂದಣಿಯ ಮಾತು ಗಟ್ಟಿಯಾಯಿತು. ಮಿತಿ ಹಾಕುವುದು ಮೆಟ್ಟಿಲು ಕಟ್ಟುವುದಕ್ಕಿಂತ ಅಗ್ಗ, ಅದಕ್ಕಿಂತ ಪರಿಣಾಮಕಾರಿ.

ಹಾದಿಗೆ ಅಡ್ಡ ಬರುವ ಹಳ್ಳಕ್ಕೆ ಕೊಳವೆ ಹಾಕಿ ಮೋರಿ ಕಟ್ಟುವುದೋ, ಸಂಕ ಹಾಕುವುದೋ? (ತೀರ್ಥಹಳ್ಳಿಯ ಓದುಗರು)

ಸಂಕವೇ ಸರಿ. ಮೋರಿಯ ಕೊಳವೆಯೊಳಗೆ ಮರಳು, ಜಲ್ಲಿಯ ತಳ ಇರುವುದಿಲ್ಲ. ನೀರಿನ ವೇಗವೂ ಹೆಚ್ಚುತ್ತದೆ. ಕೆಳತುದಿಯಲ್ಲಿ ಬೀಳುವ ನೀರು ಗುಂಡಿ ಮಾಡಿದ ಮೇಲೆ ಮೀನುಗಳು ಹಳ್ಳದಲ್ಲಿ ಮೇಲಕ್ಕೆ ಹೋಗಲಾರವು. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯೊಂದು ಪಶ್ಚಿಮ ಘಟ್ಟದ ನೆರಳಿನ ತೊರೆಗಳಲ್ಲಿದೆ. ತೊರೆಯ ಸದ್ದಿನಲ್ಲಿ ಕೂಗು ಕೇಳಿಸದೆಂದು ಅದು ಹಿಂಗಾಲನ್ನು ಚಾಚಿ ಬೀಸಿ ಸಂಕೇತ ನೀಡುತ್ತದೆ. ಈ ಕುಲದ ಕಪ್ಪೆಗಳು ಮೊಟ್ಟೆಯಿಡುವುದು ತೊರೆಯ ತಳದ ಜಲ್ಲಿಯನ್ನು ಕೆದಕಿ. ತಳಕ್ಕೆ ಕಾಂಕ್ರೀಟ್ ಹಾಸಿದರೆ ಅವುಗಳ ನೆಲೆಯೇ ಹೋಗುತ್ತದೆ.

ಎರಡೂ ದಡಗಳಲ್ಲಿ ಪ್ರವಾಹದ ಮಟ್ಟಕ್ಕಿಂತ ಮೇಲೆ ಕಲ್ಲಿನ ಕಟ್ಟೆ ಕಟ್ಟಿ, ಹಳ್ಳದೊಳಗೆ ಕಂಬವಿಲ್ಲದಂತೆ ದಾಟಿಸಿ. ಚಿಕ್ಕ ಹಳ್ಳಕ್ಕೆ ನಮ್ಮ ಹಿರಿಯರ ಅಡಿಕೆ ದಬ್ಬೆಯ ಕಾಲುಸಂಕದ ವಿನ್ಯಾಸವೇ ಸಾಕು, ಹಿಡಿಕೆಯೊಂದನ್ನು ಸೇರಿಸಿ ವರ್ಷಕ್ಕೊಮ್ಮೆ ದಬ್ಬೆ ಬದಲಿಸಿದರಾಯಿತು. ಅಗಲ ಹೆಚ್ಚಿದ್ದರೆ ತೂಗುಸೇತುವೆ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡಲಾಗಿ ಕಟ್ಟಿದ ಸೇತುವೆಯಿಂದ ಆರಂಭಿಸಿ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ನಿರ್ಮಿಸಿದರು. ಅವು ಹಳ್ಳಿಗರ ಸಂಪರ್ಕಕ್ಕಾಗಿ ಹುಟ್ಟಿದವು. ಆದರೆ ಭಾರೀ ಯಂತ್ರಗಳು ಹೋಗಲಾಗದ ಕಡೆ ಸೇತುವೆ ಕಟ್ಟಬಹುದೆಂಬುದನ್ನು ಪ್ರವಾಸೋದ್ಯಮದವರೂ ಅವುಗಳಿಂದ ಕಲಿಯಬೇಕು. ದಡದ ಕಟ್ಟೆಗೆ ಸಿಮೆಂಟ್ ಬೇಕಾದರೆ ಬಾಂಡ್ಲಿ, ಮಿಕ್ಸರ್‌ಗಳನ್ನು ಹಳ್ಳದಲ್ಲಿ ತೊಳೆಯಲು ಬಿಡಬೇಡಿ. ಹಸಿ ಸಿಮೆಂಟ್ ಬೆರೆತ ನೀರಿನ ಪಿಎಚ್ (ಆಮ್ಲ, ಕ್ಷಾರಗಳ ಅಳತೆ) 12ನ್ನು ಮೀರುತ್ತದೆ, ಅಂದರೆ ಅದು ತೀವ್ರ ಕ್ಷಾರ; ಬೇಸಿಗೆಯ ಸಣ್ಣ ಗುಂಡಿಯ ಮೀನುಗಳನ್ನೆಲ್ಲ ಕೊಲ್ಲಲು ಅಂಥ ನೀರು ಸ್ವಲ್ಪವೇ ಸಾಕು.

ಹೊನ್ನಾವರದ ಕಾಸರಕೋಡಿನಲ್ಲಿರುವಂಥ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆ ಪಥವನ್ನು ನಮ್ಮ ಅಘನಾಶಿನಿ ಅಳಿವೆಯಲ್ಲೂ ಮಾಡಬೇಕೆಂದು ಯುವಕರು ಉತ್ಸಾಹದಲ್ಲಿದ್ದಾರೆ. ಎಚ್ಚರಿಕೆಯ ಮಾತುಗಳೇನು? (ಕುಮಟಾದ ಓದುಗರು)

ಕಾಂಡ್ಲಾ ಕಾಡನ್ನು ತುಳಿಯದೆ ತೋರಿಸುವ ಮರದ ಹಾದಿ ಒಳ್ಳೆಯ ಕಲ್ಪನೆ. ಅದನ್ನು ಕಂಡವರಿಗೆ ಆ ಕೆಸರುನೆಲ ಪಾಳು ಭೂಮಿಯಲ್ಲ ಎಂಬುದು ಮನದಟ್ಟಾಗುತ್ತದೆ. ಆದರೆ ಅಘನಾಶಿನಿ ಅಳಿವೆ 2024ರ ಜನವರಿಯಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ಕಾಂಡ್ಲಾ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. 2019ರ ಅಧಿಸೂಚನೆ ಅಲ್ಲಿ ಕಾಂಡ್ಲಾ ನಡಿಗೆ ಪಥಗಳಿಗೆ ಅವಕಾಶ ಕೊಡುವುದು ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯಲ್ಲಿ ಅಂಥ ಪರಿಸರ ಪ್ರವಾಸೋದ್ಯಮ ಯೋಜನೆ ಸೇರಿದ್ದರೆ ಮಾತ್ರ. ಯುವಕರ ಉತ್ಸಾಹಕ್ಕೆ ಮೊದಲ ಕೆಲಸ ಅರಣ್ಯ ಇಲಾಖೆ ಮತ್ತು ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಬಾಗಿಲಲ್ಲಿದೆ.

ಕಟ್ಟುವಾಗ ನಡೆಯುವ ದೊಡ್ಡ ತಪ್ಪು ಹಾದಿಯ ಆರಂಭದಲ್ಲೇ ಆಗುತ್ತದೆ. ಸಾಮಗ್ರಿ ಸಾಗಿಸಲು ತಾತ್ಕಾಲಿಕವೆಂದು ಹೇಳಿ ಕೆಸರಿಗೆ ಮಣ್ಣು ಸುರಿದು ಏರಿ ಹಾಕುತ್ತಾರೆ. ಆ ಏರಿ ಉಬ್ಬರದ ನೀರನ್ನು ತಡೆಯುತ್ತದೆ. ದಿನಕ್ಕೆರಡು ಬಾರಿ ಬಂದುಹೋಗುವ ಉಪ್ಪುನೀರು ನಿಂತರೆ ಅಥವಾ ಬಾರದೇ ಹೋದರೆ ಏರಿಯ ಹಿಂದಿನ ಗಿಡಗಳು ಒಣಗುತ್ತವೆ. ಆದ್ದರಿಂದ ಈಗಿರುವ ರಸ್ತೆಯ ಅಂಚಿನಿಂದಲೇ ಅಟ್ಟಣಿಗೆ ಶುರುವಾಗಲಿ, ಕಟ್ಟಿ ಮುಗಿದ ಅಟ್ಟಣಿಗೆಯ ಮೇಲೆ ನಿಂತು ಮುಂದಿನ ಭಾಗವನ್ನು ಕಟ್ಟಲಿ. ಕಂಬಗಳಿಗೆ ಹೊಂಡ ತೋಡದೆ ನೆಲಕ್ಕೆ ಇಳಿಸುವ ವಿಧಾನ ಬಳಸಿದರೆ ಉಸಿರುಬೇರುಗಳ ಮೇಲೆ ಕೆಸರು ರಾಶಿಯಾಗುವುದಿಲ್ಲ; ಆ ಬೇರುಗಳು ಮುಚ್ಚಿಹೋದರೆ ಮರವೇ ಉಸಿರುಗಟ್ಟುತ್ತದೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಬೇಕು. ಇದರಿಂದ ಬಿಸಿಲು ಕೆಳಗಿನ ಸಸಿಗಳಿಗೆ ಇಳಿಯುತ್ತದೆ, ಮಳೆನೀರು ನಿಲ್ಲುವುದಿಲ್ಲ.

ಸಾಮಗ್ರಿಯ ಆಯ್ಕೆ ಇಲ್ಲಿ ಕಠಿಣ. ಉಬ್ಬರ ಇಳಿತಗಳ ನಡುವೆ ಪದೇ ಪದೇ ನೆನೆದು ಒಣಗುವ ಭಾಗದಲ್ಲಿ ಕಬ್ಬಿಣ ಅತಿ ಬೇಗ ತುಕ್ಕು ಹಿಡಿಯುತ್ತದೆ, ಸತುವಿನ ಲೇಪವೂ ಬಹುಕಾಲ ತಡೆಯದು. ಬೋಲ್ಟುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ. ಮರದ ಕಂಬವನ್ನು ಉಪ್ಪುನೀರಿನ ಕೊರೆಹುಳುಗಳು ಒಳಗಿಂದ ತಿನ್ನುತ್ತವೆ, ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವ ಕಂಬ ಒಂದು ದಿನ ಏಕಾಏಕಿ ಕುಸಿಯುತ್ತದೆ. ಮರುಬಳಕೆಯ ಪ್ಲಾಸ್ಟಿಕ್ ಹಲಗೆಗಳನ್ನು ಪರಿಸರಸ್ನೇಹಿ ಎಂದು ಮಾರುವವರಿದ್ದಾರೆ. ಬಿಸಿಲಿಗೆ ಜೋತುಬೀಳುವ, ಸವೆದು ಪುಡಿಯಾಗಿ ಕೆಸರು ಸೇರುವ ವಸ್ತುವನ್ನು ಬಳಚು (ಚಿಪ್ಪುಮೀನು), ಏಡಿಗಳ ನೆಲೆಯ ಮೇಲೆ ಹಾಸುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಇಳಿತದ ಹೊತ್ತಿನಲ್ಲಿ ಆ ಅಳಿವೆ ಬಳಚು ಆರಿಸುವ ಮಹಿಳೆಯರ ಕೆಲಸದ ಜಾಗ. ಅವರು ಯಾವ ಕಡೆಯಿಂದ ಇಳಿಯುತ್ತಾರೆ, ದೋಣಿ ಎಲ್ಲಿ ಕಟ್ಟುತ್ತಾರೆ ಎಂಬುದನ್ನು ಅವರನ್ನೇ ಕೇಳಿ ನಕ್ಷೆ ಮಾಡಬೇಕು. ಪ್ರವಾಸಿಗರ ಕ್ಯಾಮೆರಾಗಳ ಎದುರು ಅವರು ದುಡಿಯುವಂತಾಗಬಾರದು. ಕಾಂಡ್ಲಾ ಕಾಡಿನ ಒಂದು ಅಂಚನ್ನು ಮಾತ್ರ ತೋರಿಸಿ, ಬಂದ ದಾರಿಯಲ್ಲೇ ಮರಳುವಂತೆ ಹಾದಿ ಇದ್ದರೆ ಸಾಕು. ಸುತ್ತು ಹಾಕುವ ಹಾದಿ ಹಕ್ಕಿಗಳಿಗೆ ನಿಶ್ಚಿಂತೆಯ ಮೂಲೆಯನ್ನೇ ಉಳಿಸುವುದಿಲ್ಲ. ದೀಪ ಬೇಡವೇ ಬೇಡ. ಕಡಲ ಕಡೆ ಕಾಣುವ ಬೆಳಕು ಮರಳಿನಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆ ಮರಿಗಳನ್ನು ದಿಕ್ಕು ತಪ್ಪಿಸುತ್ತದೆ.

ತೋಟದ ಪಕ್ಕದ ಸೊಪ್ಪಿನ ಬೆಟ್ಟದಲ್ಲಿ ದೊಡ್ಡ ಮರಗಳ ನಡುವೆ ತೂಗುಹಾದಿ ಮತ್ತು ಅಟ್ಟಣಿಗೆ ಮಾಡಬೇಕೆಂದಿದ್ದೇವೆ. ಮರಕ್ಕೆ ಮೊಳೆ ಹೊಡೆಯದೆ ಉಕ್ಕಿನ ಹಗ್ಗ ಸುತ್ತಿದರೆ ಹಾನಿಯಿಲ್ಲ ತಾನೇ? (ಶಿರಸಿಯ ಓದುಗರು)

ಮೊದಲು ಜಾಗದ ಮಾತು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಅರಣ್ಯ ಭೂಮಿ. ನಿಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವಂಥ ಸವಲತ್ತು, ನಿರ್ಮಾಣದ ಹಕ್ಕಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯೇತರ ಬಳಕೆಗೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ನಿಮ್ಮ ಸ್ವಂತ ಮಾಲ್ಕಿ ಜಾಗದಲ್ಲಿ ಮಾಡುವುದಾದರೆ ಮುಂದಿನದನ್ನು ಓದಿ.

ಹಗ್ಗ ಸುತ್ತುವುದು ಮೊಳೆಗಿಂತ ಮೃದು ಎಂಬ ನಂಬಿಕೆ ತಪ್ಪು. ಮರದ ಜೀವಂತ ಪದರ ತೊಗಟೆಯ ಕೆಳಗೇ ಇದೆ, ಬೇರಿಗೆ ಆಹಾರ ಇಳಿಯುವುದೂ ಅಲ್ಲಿಂದಲೇ. ಕಾಂಡ ದಪ್ಪವಾದಂತೆ ಉಕ್ಕಿನ ಹಗ್ಗ, ಬೆರಳು ಊದಿದಾಗ ಬಿಗಿಯುವ ಉಂಗುರದಂತೆ, ಆ ಪದರವನ್ನು ಸುತ್ತಲೂ ಹಿಸುಕುತ್ತದೆ. ಕೆಲವೇ ವರ್ಷಗಳಲ್ಲಿ ಹಗ್ಗ ತೊಗಟೆಯೊಳಗೆ ಹುದುಗಿ, ಅದರ ಮೇಲ್ಭಾಗ ಉಬ್ಬಿ, ಮರ ಸೊರಗಲು ತೊಡಗುತ್ತದೆ. ತಿರುಳಿನವರೆಗೆ ಕೊರೆದು ಕೂರಿಸಿದ ಒಂದು ದಪ್ಪ ಬೋಲ್ಟು ಒಂದೇ ಕಡೆ ಗಾಯ ಮಾಡುತ್ತದೆ, ಅದನ್ನು ಮರ ಸುತ್ತುಗಟ್ಟಿ ಮುಚ್ಚಿಕೊಳ್ಳಬಲ್ಲದು. ಆದರೂ ಮೊದಲ ಆಯ್ಕೆ ಮರಕ್ಕೆ ಭಾರ ಹೊರಿಸದೆ, ಬೇರುಗಳನ್ನು ತಪ್ಪಿಸಿ ನಿಲ್ಲಿಸಿದ ಪ್ರತ್ಯೇಕ ಕಂಬಗಳೇ ಆಗಬೇಕು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ದೊಡ್ಡ ಮರಗಳ ಬೇರು ಆಳಕ್ಕಿಳಿಯುವುದು ಕಡಿಮೆ, ಆಷಾಢದ ಗಾಳಿಗೆ ಎರಡು ಮರಗಳು ಬೇರೆ ಬೇರೆ ದಿಕ್ಕಿಗೆ ತೊನೆಯುವಾಗ ನಡುವಿನ ಹಗ್ಗದ ಮೇಲೆ ಬೀಳುವ ಸೆಳೆತ ಅಂದಾಜಿಗೆ ಸಿಗುವಂಥದ್ದಲ್ಲ.

ಪೊಟರೆಯುಳ್ಳ ಮರ, ಹಣ್ಣುಬಿಡುವ ಆಲ, ಅತ್ತಿ, ಬಸರಿಗಳಿಂದ ದೂರವಿರಿ. ಹೆಣ್ಣು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಪೊಟರೆಯ ಬಾಯಿ ಮುಚ್ಚಿಕೊಂಡು ಬೇಸಿಗೆಯ ತಿಂಗಳುಗಳನ್ನು ಒಳಗೇ ಕಳೆಯುತ್ತದೆ. ಆಗ ಗಂಡು ಹಕ್ಕಿ ಬೆದರಿ ಆಹಾರ ತರುವುದನ್ನು ನಿಲ್ಲಿಸಿದರೆ ಒಳಗಿನ ತಾಯಿ, ಮರಿಗಳಿಗೆ ಬೇರೆ ಗತಿಯಿಲ್ಲ.

ಬಿದಿರಿನಲ್ಲಿ ಪಕ್ಷಿ ವೀಕ್ಷಣಾ ಗೋಪುರ ಕಟ್ಟಿದರೆ ಅದೇ ಅತ್ಯಂತ ಪರಿಸರಸ್ನೇಹಿಯಲ್ಲವೇ? (ಹಾವೇರಿಯ ಓದುಗರು)

ಒಣ ನಾಡಿನಲ್ಲಿ, ಮಾಡಿನ ಅಡಿಯಲ್ಲಿ, ಹೌದು. ಮಳೆಗೆ ಬಯಲಾಗಿ ಮಣ್ಣಿನಲ್ಲಿ ಹೂತರೆ ಅಲ್ಲ. ಬಿದಿರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಬೋರಿಕ್ ಆಮ್ಲ, ಬೋರಾಕ್ಸ್ ಉಪಚಾರ ಮನುಷ್ಯರಿಗೆ ಹೆಚ್ಚು ಅಪಾಯಕಾರಿಯಲ್ಲ, ಆದರೆ ಅದು ನೀರಿನಲ್ಲಿ ಕರಗಿ ಹೊರಬರುತ್ತದೆ. ಹಾಗಾಗಿ ಬಲಿತ ಬಿದಿರನ್ನೇ ಆರಿಸಿ, ಕಾಲುಗಳನ್ನು ನೆಲದಿಂದ ಒಂದಡಿ ಮೇಲೆ ಕಲ್ಲಿನ ಮೇಲೆ ನಿಲ್ಲಿಸಿ, ಅಗಲವಾದ ಸೂರು ಇಳಿಸಿ. ಇದಕ್ಕೆ ಪರ್ಯಾಯವೆಂದು ಆರ್ಸೆನಿಕ್ ಬೆರೆತ ಹಸಿರು ಛಾಯೆಯ ಮರದ ಉಪಚಾರವನ್ನು ಕೆಲವರು ಸೂಚಿಸುತ್ತಾರೆ. ಅದು ಮಣ್ಣಿಗೆ ಇಳಿಯುವ ವಿಷ. ಅಮೆರಿಕದಲ್ಲಿ 2003ರ ಅಂತ್ಯಕ್ಕೇ ಮನೆಬಳಕೆಯ ಮರಕ್ಕೆ ಅದನ್ನು ಕೈಬಿಟ್ಟರು, ಕೆರೆಯ ದಂಡೆಗೆ ನಾವೇಕೆ ತರಬೇಕು? ಕಳಚಿದ ಹಳೆಯ ಮನೆಗಳ ತೊಲೆ, ಕಂಬಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಮರ ಇಲ್ಲ. ಗೋಪುರದ ಎತ್ತರಕ್ಕಿಂತ ಅದರ ಮುಂದಿನ ತಟ್ಟಿಗೋಡೆ ಮುಖ್ಯ. ಆಕಾಶದ ಹಿನ್ನೆಲೆಯಲ್ಲಿ ಮನುಷ್ಯರ ಆಕೃತಿ ಕಂಡರೆ ಬಾತುಗಳು ಕೆರೆಯ ಆಚೆ ದಡಕ್ಕೆ ಸರಿಯುತ್ತವೆ.

ಬಾದಾಮಿ, ರಾಮನಗರದ ಬಂಡೆಗಳಲ್ಲಿ ಶಿಲಾರೋಹಣಕ್ಕೆ ಹೊಸ ಬೋಲ್ಟು ಹಾಕುವುದು ತಪ್ಪೇ? (ಬೆಂಗಳೂರಿನ ಓದುಗರು)

ಬಂಡೆಗೆ ಕೊರೆದ ತೂತು ಮುಚ್ಚುವುದಿಲ್ಲ ಎಂಬುದನ್ನು ನೆನಪಿಟ್ಟು ಕೇಳಬೇಕಾದ ಪ್ರಶ್ನೆ ಇದು. ಬಾದಾಮಿಯ ಮರಳುಗಲ್ಲು ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬ ಕಾನೂನೂ ಇದೆ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಅಲ್ಲಿ ಉಳಿದಿರುವ ಬೆರಳೆಣಿಕೆಯ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಕಡಿದಾದ ಬಂಡೆಯ ಚಾಚುಗಳಲ್ಲೇ. ಅಲ್ಲಿ ಬೋಲ್ಟಿನ ಮಾತೇ ಬೇಡ. ಅನುಮತಿಯಿರುವ ಬೇರೆ ಬಂಡೆಗಳಲ್ಲಿ ಹಳೆಯ ತುಕ್ಕು ಬೋಲ್ಟುಗಳನ್ನು ತೆಗೆದು ಅದೇ ತೂತುಗಳನ್ನು ಬಳಸಲು ಕಲಿಯಿರಿ.

ನಾನು ಪಂಚಾಯಿತಿ ಸದಸ್ಯ. ಗುಡ್ಡದ ತುದಿಯ ವೀಕ್ಷಣಾ ಸ್ಥಳದಲ್ಲಿ ಮಂಟಪ, ಶೌಚಾಲಯ ಕಟ್ಟಲು ಹಣ ಬಂದಿದೆ. ಟೆಂಡರಿನಲ್ಲಿ ಏನೇನು ಬರೆಸಬೇಕು? (ಹೊಸನಗರ ತಾಲ್ಲೂಕಿನ ಓದುಗರು)

ಶೌಚಾಲಯವನ್ನು ತುದಿಯಲ್ಲಿ ಕಟ್ಟಬೇಡಿ. ತುದಿಯಲ್ಲಿ ಮಣ್ಣಿನ ಪದರ ತೆಳು, ಕೆಳಗಿನ ಮನೆಗಳು ಕೊಳವೆ ಹಾಕಿ ತರುವ ಅಬ್ಬಿ ನೀರಿನ ಸೆಲೆಗಳು ಹುಟ್ಟುವುದು ಅದೇ ಗುಡ್ಡದ ಮಗ್ಗುಲಲ್ಲಿ. ಇಂಗುಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಎರಡು ಮೀಟರ್ ಅಂತರ ಬೇಕೆನ್ನುತ್ತಾರೆ. ಮಲೆನಾಡಿನ ಜುಲೈ ತಿಂಗಳಲ್ಲಿ ನೀರು ನೆಲಮಟ್ಟಕ್ಕೇ ಬರುವ ಕಡೆಗಳಲ್ಲಿ ಗುಂಡಿಯೇ ತುಂಬಿ ಹೊರಚೆಲ್ಲುತ್ತದೆ. ವಾಹನ ನಿಲ್ಲುವ ಬುಡದಲ್ಲಿ, ನೆಲದಿಂದ ಮೇಲೆತ್ತಿದ ಗೊಬ್ಬರದ ಶೌಚಾಲಯ ಕಟ್ಟಿಸಿ, ಅದನ್ನು ಖಾಲಿ ಮಾಡುವ ಕೆಲಸಕ್ಕೆ ಸಂಬಳ ಗೊತ್ತುಮಾಡಿ. ಮಂಟಪ ಬೇಕೇ ಎಂದು ಮತ್ತೊಮ್ಮೆ ಯೋಚಿಸಿ. ನಾಲ್ಕು ಕಲ್ಲಿನ ಆಸನಗಳು ಸಾಕಾಗುವಲ್ಲಿ ಮಂಟಪ ನೋಟಕ್ಕೂ ಅಡ್ಡಿ, ಸಿಡಿಲಿಗೂ ಆಹ್ವಾನ. ಅದು ಅಭಯಾರಣ್ಯದೊಳಗಿನ ಜಾಗವಾಗಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಸರಿಸುವಂತಿಲ್ಲ. ವಾಣಿಜ್ಯ ವಸತಿಗೃಹವಾದರಂತೂ 1972ರ ವನ್ಯಜೀವಿ ಕಾಯ್ದೆಯಡಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು.

ಟೆಂಡರಿಗೆ ಬಂದರೆ, ಉಳಿಸಬೇಕಾದ ಪ್ರತಿ ಮರಕ್ಕೂ ಸಂಖ್ಯೆ ಹಾಕಿ ನಕ್ಷೆಯಲ್ಲಿ ತೋರಿಸಿ, ಕಡಿದರೆ ಬಿಲ್ಲಿನಿಂದ ಹಣ ಕಳೆಯುವ ಷರತ್ತು ಸೇರಿಸಿ. ಯಂತ್ರ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ಸ್ಥಳದಲ್ಲೇ ಹಗ್ಗ ಕಟ್ಟಿ ಗುರುತಿಸಿ. ಅದರಾಚೆ ತಲೆಹೊರೆಯೇ ಆಗಬೇಕು, ಅದರ ಕೂಲಿಯನ್ನು ಅಂದಾಜಿನಲ್ಲೇ ತೋರಿಸಬೇಕು. ಇಲ್ಲವಾದರೆ ಗುತ್ತಿಗೆದಾರ ರಾತ್ರೋರಾತ್ರಿ ರಸ್ತೆ ಮಾಡಿಕೊಳ್ಳುತ್ತಾನೆ. ಜೋಡಣೆಯೆಲ್ಲ ಬೋಲ್ಟಿನಿಂದ ಬಿಚ್ಚಬಹುದಾದಂತಿರಲಿ. ಐದು ವರ್ಷದ ನಿರ್ವಹಣೆಯ ಹೊಣೆಯೂ, ಬೇಡವಾದ ದಿನ ಅದನ್ನು ಕಳಚಿ ಕೆಳಗಿಳಿಸುವ ಖರ್ಚೂ ಒಟ್ಟು ಮೊತ್ತದಲ್ಲೇ ಸೇರಿರಲಿ, ಆ ಖರ್ಚಿನ ಭಾಗವನ್ನು ಪಂಚಾಯಿತಿ ಪ್ರತ್ಯೇಕ ಖಾತೆಯಲ್ಲಿ ಇರಿಸಿಕೊಳ್ಳಲಿ. ಕೊನೆಯ ಕಂತಿನ ಹಣವನ್ನು ಒಂದು ಪೂರ್ಣ ಮಳೆಗಾಲ ಕಳೆದು, ಅಕ್ಟೋಬರಿನಲ್ಲಿ ಸ್ಥಳ ಪರಿಶೀಲನೆ ಮಾಡಿದ ಮೇಲೆಯೇ ಬಿಡುಗಡೆ ಮಾಡಿ.